ಇಪ್ಪತ್ತೇಳು ಬುಧವಾರ

ಯೆರ್ಕರ್ ಅವತ್ತು ಸ್ಟೆಲ್ಲನ್‌ನ ಕೈಯನ್ನು ನೋಡಿದ್ದನೋ ಇಲ್ಲವೋ? ಹಾಡುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ, ಹದಿನೆಂಟು ವರ್ಷದಿಂದ ಹಾಗೇ, ಆದ್ದರಿಂದ ನೋಡಿರಲಾರ. ಆದರೆ ಮಾತು ನಿಂತು ಗಿಟಾರ್ ಮಾತ್ರ ನುಡಿಯುವ ಕಡೆ ಕಣ್ಣು ತೆರೆದು ಒಮ್ಮೆ ಸುತ್ತ ನೋಡುವ ಅಭ್ಯಾಸವೂ ಅವನಿಗಿತ್ತು. ಆ ಹೊತ್ತಿಗೆ ಸ್ಟೆಲ್ಲನ್‌ನ ಬೆರಳು ಇನ್ನೂ ಮೈಕಿನ ಗುಂಡಿಯ ಮೇಲಿತ್ತೋ, ಬೇಸ್ ಗಿಟಾರಿನ ತಂತಿಗೆ ಮರಳಿತ್ತೋ? ಬಾಯ್ಲರ್ ಮನೆಯ ಕಬ್ಬಿಣದ ಮೆಟ್ಟಿಲುಗಳನ್ನು, ಆಂಪ್ಲಿಫೈಯರಿನ ಭಾರವನ್ನು ಮೊಣಕಾಲಿಗೆ ಆನಿಸಿಕೊಂಡು ಒಂದೊಂದಾಗಿ ಇಳಿಯುತ್ತ, ಸ್ಟೆಲ್ಲನ್ ಎಂಟು ತಿಂಗಳಿಂದ ಹಾಕುತ್ತಿದ್ದ ಲೆಕ್ಕವನ್ನೇ ಮತ್ತೆ ಹಾಕಿದ. ಎರಡು ಸಾಲು, ಒಂದು ಪಲ್ಲವಿ, ಆಮೇಲೆ ಗಿಟಾರಿನ ಎಂಟು ಆವರ್ತ. ಬೇರೆ ಯಾವ ವಿಷಯದಲ್ಲೂ ಅವನಿಗೆ ಇಂಥ ಅನುಮಾನ ಇರಲಿಲ್ಲ. ಟ್ರಾಮ್ ಡಿಪೋದಲ್ಲಿ ಗಾಲಿ ಪರೀಕ್ಷಿಸುವ ಕೆಲಸ ಅವನದು. ಗಾಡಿ ಹಳಿ ದಾಟುವಾಗ ನಿಂತು ಕೇಳಿ, ಯಾವ ಗಾಲಿಯ ಅಂಚು ಚಪ್ಪಟೆಯಾಗಿದೆ ಎಂದು ಬೆರಳು ತೋರಿಸಿ ಹೇಳುತ್ತಿದ್ದ. ಯಂತ್ರ ಆಮೇಲೆ ಅಳೆದು ಅದನ್ನೇ ಹೇಳುತ್ತಿತ್ತು. ಅವತ್ತೂ ಅವನ ಕಿವಿ ತಪ್ಪಿರಲಿಲ್ಲ. ಯೆರ್ಕರ್‌ನ ಧ್ವನಿ ಮೇಲಿನ ಸ್ವರಕ್ಕೆ ಏರಲಾರದೆ ಪ್ರತಿ ಸಲ ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತಿತ್ತು. ಅದನ್ನು ಹೇಳುವ ಬದಲು ಸ್ಟೆಲ್ಲನ್ ಅವನ ಮೈಕಿನ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಸದ್ದಡಗಿಸಿಬಿಟ್ಟಿದ್ದ, ಅಷ್ಟೆ.

ಬಾಗಿಲ ಮೇಲೆ ಅಂಟಿಸಿದ್ದ ಕಾಗದದಲ್ಲಿ ಇವತ್ತಿನ ಶನಿವಾರದ ಕಾರ್ಯಕ್ರಮದ ನಾಲ್ಕು ತಂಡಗಳ ಹೆಸರಿತ್ತು. ಮೂರನೆಯದು ಅವರದು, ಹೆಸರು ಒದ್ದೆ ಕೈಗವಸು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಹೆಸರು: ಬೇಸ್ ಗಿಟಾರ್ ಸ್ಟೆಲ್ಲನ್, ಡ್ರಮ್ಸ್ ಪೆರ್ನಿಲ್ಲಾ, ಗಿಟಾರ್ ಮತ್ತು ಹಾಡು ಯೆರ್ಕರ್. ಅಚ್ಚಾದ ಅಕ್ಷರಗಳು ಎಷ್ಟು ನಿಶ್ಚಿಂತೆಯಿಂದ ಕೂತಿದ್ದವೆಂದರೆ, ಓದಿದರೆ ಯೆರ್ಕರ್ ಬರುತ್ತಾನೆಂದು ಸ್ಟೆಲ್ಲನ್‌ಗೂ ಒಂದು ಕ್ಷಣ ನಂಬಿಕೆ ಬರುವಂತಿತ್ತು. ಒಳಗೆ, ಹಿಂದೆ ಗಿರಣಿಯ ಬಾಯ್ಲರ್ ಕೂತಿದ್ದ ಕಡೆ ಈಗ ಎರಡಡಿ ಎತ್ತರದ ವೇದಿಕೆ. ನೂರು ಜನ ನಿಂತರೆ ತುಂಬಿಹೋಗುವ ಜಾಗ. ಪೆರ್ನಿಲ್ಲಾ ಆಗಲೇ ಬಂದು, ಎಲ್ಲ ತಂಡಗಳಿಗೂ ಒಂದೇ ಎಂದು ಇಟ್ಟಿದ್ದ ಡ್ರಮ್ ಸೆಟ್ಟಿನ ಪಕ್ಕ ಮಂಡಿಯೂರಿ ತನ್ನ ತಾಳದ ತಟ್ಟೆಗಳನ್ನು ಚೀಲದಿಂದ ತೆಗೆಯುತ್ತಿದ್ದಳು. ಅವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಮಾತಾಡುವಾಗ ಎದುರಿನವರ ಬಾಯನ್ನೇ ನೋಡುತ್ತಾಳೆ.

"ನಮ್ಮ ಮೂರನೆಯವನು ಬಂದ್ನಾ?" ಎಂದಳು.

"ಪೆರ್ನಿಲ್ಲಾ."

"ಅಲ್ಲ ಕಣೋ, ಸುಮ್ನೆ ಕೇಳ್ದೆ. ಹಾಜರಿ ಪಟ್ಟೀಲಿ ಒಂದು ಬುಧವಾರಾನೂ ತಪ್ಪಿಸದ ಮನುಷ್ಯ! ನೀನೇ ಎರಡು ವಾರ ಜ್ವರ ಅಂತ ಮಲಗಿದ್ದೆ. ಆಗ ನಾನೂ ಅವನೂ ಇಬ್ಬರೇ ಇದ್ವಲ್ಲ, ಎಷ್ಟು ಚೆನ್ನಾಗಿ ಬಾರಿಸಿದ್ವಿ ಗೊತ್ತಾ?"

"ಮೆಲ್ಲಗೆ ಮಾತಾಡೇ. ಸಂಘದ ಗುನ್ವೊರ್ ಬರೋ ಹೊತ್ತು."

"ಬರಲಿ ಬಿಡು. ಯೆರ್ಕರ್ ಎಲ್ಲಿ ಅಂದ್ರೆ ಏನಂತೀಯ?"

"ಗಂಟಲು ಕೆಟ್ಟಿದೆ ಅಂತೀನಿ. ಹಾಡಿಲ್ಲದ ನಾಲ್ಕು ತುಣುಕು ಬಾರಿಸ್ತೀವಿ. ಚೆನ್ನಾಗೇ ಆಗುತ್ತೆ."

"ಚೆನ್ನಾಗೇ ಆಗುತ್ತೆ," ಎಂದು ಅವಳು ಅವನ ಬಾಯನ್ನು ನೋಡುತ್ತಲೇ ಅದೇ ಧಾಟಿಯಲ್ಲಿ ಹೇಳಿದಳು. "ನಿನಗೆ ಇದೊಂದು ವರ ಕಣೋ, ಸ್ಟೆಲ್ಲನ್. ಎಲ್ಲ ಚೆನ್ನಾಗೇ ಆಗುತ್ತೆ ನಿನಗೆ."

ಆ ಊರಿನಲ್ಲಿ ಮೂರು ಜನ ನೆಲಮಾಳಿಗೆಯಲ್ಲಿ ಕೂತು ಗಿಟಾರ್ ಬಡಿದರೆ ಅದು ಗದ್ದಲವಲ್ಲ, ಅಧ್ಯಯನ ಕೂಟ. ಶಿಕ್ಷಣ ಸಂಘದವರು ಕೋಣೆ ಕೊಡುತ್ತಾರೆ, ಹೀಟರ್ ಕೊಡುತ್ತಾರೆ, ಒಂದು ಬೀಗದ ಕೈ ಕೊಡುತ್ತಾರೆ. ಕೂಟಕ್ಕೊಬ್ಬ ನಾಯಕ. ಅವನು ಪ್ರತಿವಾರ ಹಾಜರಿ ಹಾಕಬೇಕು; ಯಾರೋ ಒಬ್ಬರು ಒಂದೆರಡು ವಾರ ತಪ್ಪಿದರೆ ಪರವಾಗಿಲ್ಲ, ಸದಸ್ಯರೇ ಮೂರಕ್ಕಿಂತ ಕಡಿಮೆಯಾದರೆ ಅದು ಕೂಟವಲ್ಲ, ಕೋಣೆ ಸರದಿಯಲ್ಲಿ ಕಾಯುತ್ತಿರುವ ಇನ್ನೊಂದು ತಂಡಕ್ಕೆ. ಹದಿನೆಂಟು ವರ್ಷ ಸ್ಟೆಲ್ಲನ್ ನಾಯಕ. ಮೊದಲು ಕಾಗದದ ಹಾಳೆ, ಈಗ ಫೋನಿನಲ್ಲಿ ಮೂರು ಹೆಸರು, ಹೆಸರಿನ ಪಕ್ಕ ಒಂದು ಬೂದು ಚುಕ್ಕೆ, ಮುಟ್ಟಿದರೆ ಹಸಿರಾಗುತ್ತದೆ. ಗುಂಡಿ ತಿರುಗಿಸಿದ ಸೆಪ್ಟೆಂಬರಿನ ಆ ಬುಧವಾರದ ನಂತರದ ವಾರ ಯೆರ್ಕರ್ ಬರಲಿಲ್ಲ. ನೆಗಡಿಯಿರಬೇಕು ಎಂದುಕೊಂಡು ಅವನ ಚುಕ್ಕೆಯನ್ನೂ ಮುಟ್ಟಿದ. ಮುಂದಿನ ವಾರವೂ ಮುಟ್ಟಿದ. ತಾನು ಜ್ವರದಲ್ಲಿ ಮಲಗಿದ್ದ ವಾರಗಳಲ್ಲಿ ತನ್ನ ಚುಕ್ಕೆಯನ್ನು ಪ್ರಾಮಾಣಿಕವಾಗಿ ಬೂದು ಬಣ್ಣದಲ್ಲೇ ಬಿಟ್ಟು, ಯೆರ್ಕರ್‌ನದನ್ನು ಹಸಿರು ಮಾಡಿದ. ತನ್ನ ವಿಷಯದಲ್ಲಿ ಸುಳ್ಳು ಹೇಳಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಯೆರ್ಕರ್‌ನ ವಿಷಯದಲ್ಲಿ ಅದು ಸುಳ್ಳೆನ್ನಿಸುತ್ತಲೇ ಇರಲಿಲ್ಲ. ಊಟದ ಮೇಜಿನಲ್ಲಿ ಒಬ್ಬರ ತಟ್ಟೆ ಹಾಕಿಟ್ಟು ಕಾಯುವ ಹಾಗೆ ಏನೋ. ಫೋನ್ ಮಾಡಿ "ಯಾಕೋ ಬರ್ತಿಲ್ಲ" ಎಂದು ಕೇಳುವುದಕ್ಕಿಂತ ಅದು ಸುಲಭವಿತ್ತು. ಕೇಳಿದರೆ ಯಾಕೆಂದು ಅವನು ಹೇಳಿಬಿಟ್ಟರೆ?

ಅವತ್ತು ಯೆರ್ಕರ್ ಒಂದು ಹಾಡು ಪೂರ್ತಿ ಹಾಡಿದ್ದ. ಡ್ರಮ್ಮಿನ ಸದ್ದಿನಲ್ಲಿ, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ. ಯಾರಿಗಾದರೂ ತಮ್ಮ ದನಿ ತಲೆಯ ಒಳಗೆ ಕೇಳುತ್ತಲೇ ಇರುತ್ತದೆ, ಆದ್ದರಿಂದ ಅದು ಹೊರಗೆ ಬರುತ್ತಿಲ್ಲವೆಂದು ಅವನಿಗೆ ತಿಳಿಯಲು ಹೊತ್ತು ಹಿಡಿಯಿತು. ಕೊನೆಯಲ್ಲಿ ಡ್ರಮ್ ನಿಂತು ಅವನೊಬ್ಬನೇ ಒಂದು ಸಾಲು ಹಾಡಬೇಕು. ಆ ಸಾಲು ಬರಿಯ ಬಾಯಿಂದ, ಕೋಣೆಯ ಮೂಲೆಯಲ್ಲಿ ಯಾರೋ ತಮ್ಮಷ್ಟಕ್ಕೆ ಗೊಣಗಿದ ಹಾಗೆ, ಬಂತು. ಅವನು ಕಣ್ಣು ತೆರೆದ. ಮೈಕನ್ನು ಉಗುರಿನಿಂದ ಎರಡು ಸಲ ತಟ್ಟಿದ. ಸದ್ದಿಲ್ಲ. ಮೈಕುಗಳ ಸದ್ದು ಹೊಂದಿಸುವ ಮಿಕ್ಸರ್ ಇದ್ದದ್ದು ಬೇಸ್ ಆಂಪ್ಲಿಫೈಯರಿಗೂ ಡ್ರಮ್ಮಿನ ಸ್ಟೂಲಿಗೂ ನಡುವೆ, ಪೆರ್ನಿಲ್ಲಾಳ ಎಡಗೈಗೆ ಹತ್ತಿರವಾಗಿ. ಅವನು ಅದನ್ನು ನೋಡಿದ, ಗುಂಡಿಯನ್ನು ನೋಡಿದ, ಯಾರ ಮುಖವನ್ನೂ ನೋಡಲಿಲ್ಲ. ಸ್ಟೆಲ್ಲನ್ ಬಾಗಿ ತಂತಿ ಸರಿಮಾಡುವವನಂತೆ ಶ್ರುತಿಯ ಬಿರಡೆ ತಿರುಗಿಸುತ್ತಿದ್ದ, ಸರಿಯಾಗಿಯೇ ಇದ್ದ ತಂತಿಯನ್ನು. ಪೆರ್ನಿಲ್ಲಾ ಎಲ್ಲವನ್ನೂ ಕಂಡಿದ್ದಳು. ಅವಳೂ ಕೋಲುಗಳನ್ನು ಚೀಲಕ್ಕೆ ಹಾಕತೊಡಗಿದಳು. ಯೆರ್ಕರ್ ಗಿಟಾರನ್ನು ಪೆಟ್ಟಿಗೆಗೆ ಹಾಕಿ, ಚಿಲಕಗಳನ್ನು ಒಂದೊಂದಾಗಿ ಮುಚ್ಚಿ, "ಬುಧವಾರ ನೋಡೋಣ" ಎಂದು ಹೋದ. ಯಾರೂ ದನಿ ಎತ್ತದ, ಯಾರೂ ಬಾಗಿಲು ಬಡಿಯದ ಅಂಥ ಜಗಳಗಳೇ ಆ ಊರಿನಲ್ಲಿ ಬಹಳ ವರ್ಷ ಬಾಳುತ್ತವೆ.

ಗುನ್ವೊರ್ ಆರು ಗಂಟೆಗೆ ಹತ್ತು ನಿಮಿಷವಿರುವಾಗ ಬಂದಳು, ಎರಡೂ ಕೈಯಲ್ಲಿ ಕಾಫಿಯ ದೊಡ್ಡ ಫ್ಲಾಸ್ಕುಗಳು, ಕಂಕುಳಲ್ಲಿ ಗರಿಗರಿ ಕಾಗದ ಸುತ್ತಿದ ಹೂವಿನ ಕುಂಡ. ಸಂಘದ ಕಚೇರಿಯಲ್ಲಿ ಕೂಟಗಳನ್ನೆಲ್ಲ ನೋಡಿಕೊಳ್ಳುವವಳು ಅವಳು. ಈ ವರ್ಷ ನಿವೃತ್ತಿ. ಹೊರಗೆ ಮೇ ತಿಂಗಳ ಬಿಸಿಲು ಇನ್ನೂ ಗಿರಣಿಯ ಗೋಡೆಯ ಮೇಲಿತ್ತು, ಅವಳ ಬೆನ್ನ ಹಿಂದೆಯೇ ಜನ ಇಳಿಯತೊಡಗಿದರು. ಎಲ್ಲರೂ ಯಾರೋ ಒಬ್ಬರ ಅಕ್ಕ, ಗಂಡ, ಆಫೀಸಿನವರು. ಇಂಥ ರಾತ್ರಿಗಳಿಗೆ ಬೇರೆ ಯಾರೂ ಬರುವುದಿಲ್ಲ.

"ಸ್ಟೆಲ್ಲನ್! ನೀವು ಮೂವರೂ ಇದ್ದೀರಾ ತಾನೇ?"

ಗಂಟಲಿನ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಿತ್ತು. "ಯೆರ್ಕರ್‌ಗೆ ಸ್ವಲ್ಪ..." ಎಂದು ಶುರುಮಾಡಿದ.

"ಅಗೋ, ಮೆಟ್ಟಿಲಲ್ಲೇ ಸಿಕ್ಕಿದ್ದ. ಫ್ಲಾಸ್ಕ್ ಹಿಡ್ಕೊಳ್ಲಾ ಅಂದ. ಬೇಡಪ್ಪ, ನೀನು ಇವತ್ತಿನ ದೊಡ್ಡ ಮನುಷ್ಯ ಅಂದೆ. ಯಾಕೋ ಹಾಗೆ ನೋಡ್ತೀಯ? ಗುಟ್ಟು, ಅವನಿಗೆ ಹೇಳ್ಬೇಡ." ಅವಳು ಫ್ಲಾಸ್ಕುಗಳನ್ನು ಕೆಳಗಿಟ್ಟು ಕುಂಡದ ಕಾಗದವನ್ನು ಸ್ವಲ್ಪ ಸರಿಸಿ ಕೆಂಪು ಜೆರೇನಿಯಂ ತೋರಿಸಿದಳು. "ಇಪ್ಪತ್ತೇಳು ಬುಧವಾರಕ್ಕೆ ಇಪ್ಪತ್ತೇಳೂ ಹಾಜರಿ. ನಮ್ಮ ಮುನ್ನೂರು ಕೂಟದಲ್ಲಿ ಅವನೊಬ್ಬನೇ. ಕುಂಬಾರಿಕೆ ಹೆಂಗಸರು ಕೂಡ ಇಪ್ಪತ್ತೈದು ದಾಟಲಿಲ್ಲ."

ಕೊನೆಯ ಕಂಬದ ಪಕ್ಕ, ಹೊರಗಿನ ಜಾಕೆಟ್ ಬಿಚ್ಚದೆ, ಯೆರ್ಕರ್ ನಿಂತಿದ್ದ. ತೆಳ್ಳಗಾಗಿದ್ದ, ಗಡ್ಡ ಬಿಟ್ಟಿದ್ದ. ಕೈಯಲ್ಲಿ ಗಿಟಾರ್ ಇರಲಿಲ್ಲ. ಸ್ಟೆಲ್ಲನ್ ಆ ಕಡೆ ತಿರುಗಿದ. ಹತ್ತಿರ ಹೋದ. ಹೋಗುವಾಗ ನಡಿಗೆ ತನ್ನದೇ ಎನ್ನಿಸಿತು, ಡಿಪೋದಲ್ಲಿ ಕೆಟ್ಟ ಗಾಡಿಯ ಕಡೆ ಹೋಗುವ ನಡಿಗೆ.

"ಬಂದ್ಯಾ," ಎಂದ.

"ಬಂದೆ. ನಮ್ಮ ಕಟ್ಟಡದ ಬಟ್ಟೆ ಒಗೆಯೋ ಕೋಣೇಲಿ ಪಕ್ಕದ ಮನೆಯವಳು ಕೇಳಿದ್ಲು, ಶನಿವಾರ ಹಾಡ್ತೀಯಂತಲ್ಲ ಅಂತ. ಇಲ್ಲಮ್ಮ ಅಂದೆ. ಕಾಗದಾನೇ ತೋರಿಸಿದ್ಲು. ನನಗೇ ಗೊತ್ತಿಲ್ಲದೆ ನಾನು ಎಲ್ಲೆಲ್ಲಿ ಓಡಾಡ್ತಿದ್ದೀನಿ ಅಂತ ನೋಡೋಕೆ ಬಂದೆ."

"ಕಾರ್ಯಕ್ರಮದ ಫಾರಂ ಬೇಗ ಕೊಡಬೇಕಿತ್ತು," ಎಂದ ಸ್ಟೆಲ್ಲನ್. ಅದು ನಿಜವೂ ಆಗಿತ್ತು, ಉತ್ತರ ಮಾತ್ರ ಆಗಿರಲಿಲ್ಲ.

"ಹ್ಞೂಂ," ಎಂದ ಯೆರ್ಕರ್. ಆ ಹ್ಞೂಂಕಾರದಲ್ಲಿ ಏನಿದೆಯೆಂದು ಎಷ್ಟು ಕಿವಿಗೊಟ್ಟರೂ ಸ್ಟೆಲ್ಲನ್‌ಗೆ ಹೊಳೆಯಲಿಲ್ಲ. ಗಾಲಿಗಳಿಗೆ ಇರುವ ಪ್ರಾಮಾಣಿಕತೆ ಮನುಷ್ಯರ ಗಂಟಲಿಗೆ ಇಲ್ಲ.

ಮೊದಲ ತಂಡ ಕಾಗದದ ಕಾರ್ಖಾನೆಯ ನಿವೃತ್ತರದು, ನಾಲ್ವರೂ ಒಂದೇ ಬಗೆಯ ಬಿಳಿ ಬೂಟು ಹಾಕಿಕೊಂಡು ಕುಣಿತದ ಹಾಡು ನುಡಿಸಿದರು. ಅವರ ಹೆಂಡಂದಿರು ಮುಂದಿನ ಸಾಲಿನಲ್ಲಿ ನಿಂತು, ತಪ್ಪಿದ ಕಡೆಗಳಲ್ಲೇ ಹೆಚ್ಚು ಚಪ್ಪಾಳೆ ತಟ್ಟಿದರು. ಎರಡನೆಯದು ಅಕ್ಕತಂಗಿಯರಿಬ್ಬರು ಮತ್ತು ಅವರ ಸೋದರತ್ತೆ, ಅಕಾರ್ಡಿಯನ್ ಹಿಡಿದು ಕಿರುಚುವಂಥದ್ದು. ಅತ್ತೆಯೇ ಹೆಚ್ಚು ಜೋರಾಗಿ ಕಿರುಚಿದಳು. ಸ್ಟೆಲ್ಲನ್ ಪಕ್ಕದ ಗೋಡೆಗೆ ಒರಗಿ ಕೇಳಿದ, ಕೇಳಲೂ ಇಲ್ಲ. ಇಪ್ಪತ್ತೇಳು ಹಸಿರು ಚುಕ್ಕೆಗಳು ಒಂದು ಕುಂಡವಾಗಿ ಬೆಳೆದು ಜನರೆದುರು ಬರಲಿದ್ದವು. ಯೆರ್ಕರ್ "ನಾನು ಬಂದೇ ಇಲ್ಲ" ಎಂದು ಒಂದು ಮಾತು ಅಂದರೆ ಕೋಣೆ ಹೋಗುತ್ತದೆ. ಹೀಟರಿನ ಮೇಲೆ ಒಣಗುವ ಸಾಕ್ಸಿನ ವಾಸನೆ, ಗೋಡೆಗೆ ಹೊಡೆದ ಹಳೆಯ ಕಂಬಳಿ, ಬುಧವಾರ ಏಳರಿಂದ ಹತ್ತರವರೆಗೆ ತಾನು ಯಾರ ಗಂಡನೂ ಅಲ್ಲದೆ ಯಾವ ಡಿಪೋದವನೂ ಅಲ್ಲದೆ ಇರುತ್ತಿದ್ದ ಮೂರು ಗಂಟೆ, ಎಲ್ಲವೂ ಹೋಗುತ್ತವೆ. ಆದರೆ ಹೆದರಿಕೆಯಾದದ್ದು ಅದಕ್ಕಲ್ಲ ಎಂದು ತನ್ನೊಳಗೇ ಕೇಳಿಸಿತು. ಬಂದೇ ಇಲ್ಲ ಎಂದ ಮೇಲೆ ಜನ ಯಾಕೆ ಎಂದು ಕೇಳುತ್ತಾರಲ್ಲ, ಅದಕ್ಕೆ.

ಗುನ್ವೊರ್ ವೇದಿಕೆ ಹತ್ತಿ, ಕನ್ನಡಕ ಹಣೆಗೇರಿಸಿ, ನಡುವಿನ ಮೈಕಿನೆದುರು ನಿಂತಳು. "ನಿಮಗೆಲ್ಲ ಗೊತ್ತು, ಬುಧವಾರ ಸಂಜೆ ಮನೆ ಬಿಟ್ಟು ಹೊರಡೋದು ಎಷ್ಟು ಕಷ್ಟ ಅಂತ," ಎಂದು ಶುರುಮಾಡಿದಳು. ಹಿಮ, ಕತ್ತಲೆ, ಟೀವಿ, ಮಂಡಿನೋವು ಎಲ್ಲವನ್ನೂ ಹೇಳಿ ಜನರನ್ನು ನಗಿಸಿ, ಕೊನೆಗೆ ಹೆಸರು ಕರೆದಳು. ತಲೆಗಳು ತಿರುಗಿದವು. ಯೆರ್ಕರ್ ಕಂಬದಿಂದ ಬೇರ್ಪಟ್ಟ. ಜನ ಸರಿದು ದಾರಿ ಮಾಡಿದರು, ಯಾರೋ ಬೆನ್ನು ತಟ್ಟಿದರು, ನಿವೃತ್ತರಲ್ಲೊಬ್ಬ "ನಮ್ಮ ಫ್ಯಾಕ್ಟರೀಲೂ ಇಂಥೋನು ಒಬ್ಬ ಇರಲಿಲ್ವಲ್ಲೋ!" ಎಂದ. ಪೆರ್ನಿಲ್ಲಾ ಆಗಲೇ ಡ್ರಮ್ಮಿನ ಹಿಂದೆ ಕೂತು ಕೋಲುಗಳನ್ನು ತೊಡೆಯ ಮೇಲೆ ಅಡ್ಡವಿಟ್ಟು, ನಗುವನ್ನು ತುಟಿಯೊಳಗೆ ಕಚ್ಚಿ ಹಿಡಿದಿದ್ದಳು. ಸ್ಟೆಲ್ಲನ್ ಬೇಸ್ ಗಿಟಾರನ್ನು ಹೆಗಲಿಗೇರಿಸಿ ತನ್ನ ಜಾಗದಲ್ಲಿ ನಿಂತಿದ್ದ. ನಡುವೆ ಯೆರ್ಕರ್‌ನ ಮೈಕು, ಫಾರಮ್ಮಿನಲ್ಲಿ ತಾನೇ ಬರೆದುಕೊಟ್ಟ ಜಾಗದಲ್ಲಿ.

ಯೆರ್ಕರ್ ಕುಂಡವನ್ನು ತೆಗೆದುಕೊಂಡ. ಜೆರೇನಿಯಂ ಅನ್ನು ಒಂದು ಕ್ಷಣ ನೋಡಿದ, ಆಮೇಲೆ ಮೈಕಿನ ಕಡೆ ಬಾಗಿ, ಉಗುರಿನಿಂದ ಎರಡು ಸಲ ತಟ್ಟಿದ. ಟಕ್ ಟಕ್ ಎಂದು ಕೋಣೆಯ ನಾಲ್ಕು ಮೂಲೆಯಿಂದಲೂ ದೊಡ್ಡದಾಗಿ ಕೇಳಿಸಿತು. ಹಾಡುವವರೆಲ್ಲ ಮಾಡುವುದೇ ಅದು. ಆ ಸದ್ದು ಎದೆಗೂಡಿಗೆ ತಾಗಿದ್ದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ.

"ಥ್ಯಾಂಕ್ಸ್," ಎಂದ ಯೆರ್ಕರ್. "ನಿಜ ಹೇಳ್ಬೇಕಂದ್ರೆ ಇಷ್ಟು ಸಲ ಬಂದಿದ್ದೀನಿ ಅಂತ ನನಗೇ ನೆನಪಿಲ್ಲ."

ಜನ ಹೋ ಎಂದು ನಕ್ಕರು. "ವಯಸ್ಸಾಯ್ತು ಬಿಡೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಗುನ್ವೊರ್ ಎಲ್ಲರಿಗಿಂತ ಜೋರಾಗಿ ನಗುತ್ತ ಇಳಿದುಹೋದಳು. ಯೆರ್ಕರ್ ಇಳಿಯಲಿಲ್ಲ. ಕುಂಡವನ್ನು ಬೇಸ್ ಆಂಪ್ಲಿಫೈಯರಿನ ಮೇಲೆ ಇಟ್ಟು, ಮೈಕಿಗೆ ಬೆನ್ನು ಮಾಡಿ, "ಯಾವುದು?" ಎಂದು ಕೇಳಿದ, ಸ್ಟೆಲ್ಲನ್‌ಗೆ ಮಾತ್ರ ಕೇಳುವಷ್ಟು.

"ಗಿಟಾರ್?"

"ಕೈ ಬೀಸ್ಕೊಂಡು ಬಂದಿದ್ದೀನಿ. ಹಾಡ್ತೀನಿ. ಇಲ್ಲಾಂದ್ರೆ ಗಿಡ ಹಿಡ್ಕೊಂಡು ನಿಂತಿರ್ತೀನಿ."

ಸ್ಟೆಲ್ಲನ್ ಆ ಹಾಡಿನ ಹೆಸರನ್ನೇ ಹೇಳಿದ, ಸೆಪ್ಟೆಂಬರಿನದು. ಬಾಯಿ ತಾನಾಗಿ ಹೇಳಿತು. ಪೆರ್ನಿಲ್ಲಾಳ ಕೋಲು ನಾಲ್ಕು ಎಣಿಸುವ ಮೊದಲೇ ಅವನ ಎಡಗೈ, ಕೇಳದೆ, ಗಿಟಾರಿನ ಕುತ್ತಿಗೆಯ ಮೇಲೆ ಎರಡು ಸ್ವರದ ಮನೆ ಕೆಳಗೆ ಜಾರಿತು. ಯೋಚಿಸಿ ಮಾಡಿದ್ದಲ್ಲ. ಕಂಬದ ಹತ್ತಿರ ಯೆರ್ಕರ್ ಆಡಿದ ಮಾತಿನಲ್ಲೇ ಅವನ ಧ್ವನಿ ಈಗ ಎಲ್ಲಿ ಕೂತಿದೆ ಎಂದು ಕಿವಿ ಅಳೆದು ಇಟ್ಟುಕೊಂಡಿತ್ತು. ಹಾಡು ಕೆಳಗಿನ ಶ್ರುತಿಯಲ್ಲಿ ಶುರುವಾಯಿತು. ಯೆರ್ಕರ್ ಮೊದಲ ಅಕ್ಷರಕ್ಕೆ ಉಸಿರೆಳೆದು, ಕ್ಷಣ ತಡೆದು, ಅವನ ಕಡೆ ನೋಡಿ, ಅಲ್ಲಿಗೇ ಇಳಿದು ಹಾಡಿದ. ಮೊದಲು ಆ ಹಾಡಿನಲ್ಲಿ ಒಬ್ಬ ಯುವಕ ಬಸ್ಸಿಗೆ ಕಾಯುತ್ತ ಯಾರಿಗೋ ಕೂಗಿ ಹೇಳುತ್ತಿದ್ದ. ಈಗ ಅದೇ ಮಾತನ್ನು ಐವತ್ತು ದಾಟಿದವನೊಬ್ಬ ಪಕ್ಕದಲ್ಲಿ ಕೂತವನಿಗೆ ಹೇಳುತ್ತಿದ್ದ. ಮೇಲಿನ ಸ್ವರ ಬಂತು. ಅದು ಈಗ ಬಹಳ ಮೇಲೇನೂ ಇರಲಿಲ್ಲ, ಅವನು ಅದನ್ನು ಕಪಾಟಿನಿಂದ ಬಟ್ಟಲು ತೆಗೆದ ಹಾಗೆ ತೆಗೆದ. ಕಾಫಿ ಹಿಡಿದು ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಪೆರ್ನಿಲ್ಲಾ ಕೋಲು ಬಿಟ್ಟು ಮೆಲ್ಲಗೆ ಬಾರಿಸುವ ತಂತಿಯ ಕುಂಚ ಹಿಡಿದಳು. ಗಿಟಾರಿನ ಎಂಟು ಆವರ್ತ ಖಾಲಿ ಬರುತ್ತದೆಯೆಂದು ನೆನಪಾಗಿ ಸ್ಟೆಲ್ಲನ್ ಅದನ್ನು ಬೇಸಿನಲ್ಲೇ ನುಡಿಸಿದ, ಒಂದು ಸ್ವರವೂ ತಪ್ಪದೆ, ಬೆರಳುಗಳು ವರ್ಷಗಟ್ಟಲೆ ಅದಕ್ಕಾಗಿಯೇ ಕಾದಿದ್ದವೆಂಬಂತೆ. ಅವನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಅವನು ಇನ್ನೆಂದೂ ನುಡಿಸಲಿಲ್ಲ.

ಆ ಸುಖದ ನಡುವೆಯೇ, ಎರಡನೇ ಪಲ್ಲವಿಗೆ ಹೊರಳುವಾಗ, ಅದು ಹೊಳೆಯಿತು. ಎರಡು ಮನೆ. ಅವತ್ತೂ ಮಾಡಬೇಕಿದ್ದದ್ದು ಇಷ್ಟೇ. ಗುಂಡಿಗೆ ಚಾಚಿದ ಅದೇ ಕೈ, ಅದರ ಅರ್ಧ ದೂರ ಚಾಚಿದ್ದರೆ ಸಾಕಿತ್ತು. ತನ್ನ ಕಿವಿ ತಪ್ಪನ್ನು ಹಿಡಿಯುವುದರಲ್ಲಿ ಎಷ್ಟು ಚುರುಕೆಂದರೆ, ಹಿಡಿದ ಮೇಲೆ ಅದಕ್ಕೆ ಕೆಲಸ ಮುಗಿದುಹೋಗುತ್ತಿತ್ತು. ನಾಚಿಕೆ ಬೆನ್ನಿನ ಹುರಿಯಲ್ಲಿ ಬಿಸಿಯಾಗಿ ಹತ್ತಿತು. ಕೈ ಮಾತ್ರ ನುಡಿಸುತ್ತಲೇ ಇತ್ತು.

ನಾಲ್ಕು ಹಾಡು ಹಾಡಿದರು. ಜನ ಐದನೆಯದನ್ನು ಕೇಳಿದರು, ಕೊಟ್ಟರು. ಕೊನೆಯ ತಂಡದವರು ತಮ್ಮ ಸಾಮಾನು ಹೊತ್ತು ಒಳಗೆ ಬರುತ್ತಿದ್ದಂತೆ ಇವರು ತಮ್ಮದನ್ನು ಪಕ್ಕದ ಕಲ್ಲಿದ್ದಲ ಕೋಣೆಗೆ ಸಾಗಿಸಿದರು. ಎತ್ತರದ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಪೆರ್ನಿಲ್ಲಾ ತಾಳದ ತಟ್ಟೆಗಳನ್ನು ಒರೆಸುತ್ತಿದ್ದಳು. ಸ್ಟೆಲ್ಲನ್ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕೇಬಲ್ ಸುತ್ತುತ್ತಿದ್ದ. ಯೆರ್ಕರ್ ಕುಂಡವನ್ನು ಮಗುವಿನಂತೆ ತೋಳಿನಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಮುಖ ಕೆಂಪಾಗಿತ್ತು, ಹುಡುಗನ ಹಾಗೆ.

"ಶ್ರುತಿ ಇಳಿಸಿದ್ಯಲ್ಲ," ಎಂದ ಸ್ಟೆಲ್ಲನ್‌ಗೆ.

"ಹ್ಞೂಂ."

"ಒಳ್ಳೇದಾಯ್ತು." ಗಿಡದ ಒಂದು ಒಣಗಿದ ಎಲೆಯನ್ನು ಕಿತ್ತು, ಎಲ್ಲಿ ಹಾಕುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. "ಪೆರ್ನಿಲ್ಲಾ, ಒಂದು ಮಾತು. ಅವತ್ತು ನೀನು ನನ್ನ ಮೈಕ್ ಇಳಿಸಿದ್ದನ್ನ ನಾನು ಮನಸ್ಸಲ್ಲಿ ಇಟ್ಕೊಂಡಿದ್ದೆ. ಚಳಿಗಾಲ ಪೂರ್ತಿ ಇಟ್ಕೊಂಡಿದ್ದೆ. ಈಗಿಲ್ಲ. ಧ್ವನಿ ಹೋಗಿತ್ತು, ನನಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಬಹುದಿತ್ತು, ಅಷ್ಟೆ."

ಪೆರ್ನಿಲ್ಲಾಳ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವಳು ಯೆರ್ಕರ್‌ನನ್ನು ನೋಡಲಿಲ್ಲ, ಸ್ಟೆಲ್ಲನ್‌ನ ಬಾಯನ್ನು ನೋಡಿದಳು. ಆ ಬಾಯಿ ಇನ್ನೇನು ತೆರೆಯುತ್ತದೆ ಎಂದು ಅವಳಿಗೆ ಪೂರ್ತಿ ನಂಬಿಕೆಯಿತ್ತು, ಮುಖದಲ್ಲೇ ಕಾಣುತ್ತಿತ್ತು. ಆ ನಂಬಿಕೆಗೆ ಸ್ಟೆಲ್ಲನ್ ಬೆಲೆ ಕೊಡಲು ಸಿದ್ಧನೂ ಇದ್ದ; ವಾಕ್ಯ ಪೂರ್ತಿ ರೂಪುಗೊಂಡು ಗಂಟಲಲ್ಲಿತ್ತು, ಮೂರೇ ಪದ. ಪಕ್ಕದ ಕೋಣೆಯಲ್ಲಿ ಡ್ರಮ್ಮಿಗೆ ಒಂದು ಏಟು ಬಿತ್ತು, ಮತ್ತೊಂದು, ಯಾರೋ ಪರೀಕ್ಷಿಸುತ್ತಿದ್ದರು. ಇದು ನಿಂತ ಮೇಲೆ ಹೇಳುತ್ತೇನೆ ಎಂದುಕೊಂಡ. ಕೇಬಲ್ಲಿನ ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಕೆಳಗಿನಿಂದ. ಡ್ರಮ್ ನಿಂತಿತು. ಕೇಬಲ್ಲಿನ ತುದಿ ಇನ್ನೂ ಬಂದಿರಲಿಲ್ಲ.

"ಹೌದು," ಎಂದಳು ಪೆರ್ನಿಲ್ಲಾ ಕೊನೆಗೆ, ಸ್ಟೆಲ್ಲನ್‌ನನ್ನೇ ನೋಡುತ್ತ. "ಬಾಯಿಬಿಟ್ಟು ಹೇಳಬಹುದಿತ್ತು."

"ಹೋಗ್ಲಿ ಬಿಡು," ಎಂದು ಯೆರ್ಕರ್ ಬಂದು ಬಿಡುವಿದ್ದ ಕೈಯಿಂದ ಅವಳ ಹೆಗಲು ಅದುಮಿದ. "ಬುಧವಾರ ಏಳಕ್ಕೇ ತಾನೇ? ಕೋಣೆ ಅದೇನಾ?"

"ಅದೇ," ಎಂದ ಸ್ಟೆಲ್ಲನ್. ಎಷ್ಟು ಬೇಗ ಮಾತು ಬಂತೆಂದು ಅವನಿಗೇ ಅಚ್ಚರಿಯಾಯಿತು.

ಬುಧವಾರ ಯೆರ್ಕರ್ ಏಳಕ್ಕೆ ಐದು ನಿಮಿಷ ಮೊದಲೇ ಬಂದ. ಆ ಬೇಸಿಗೆಯೂ ಬಂದ, ಅದರ ಮುಂದಿನ ಚಳಿಗಾಲವೂ. ಮೂರು ಚುಕ್ಕೆಗಳು ಹಸಿರಾದವು, ಮೂರೂ ನಿಜವಾಗಿ. ಹಳೆಯ ಹಾಡುಗಳನ್ನೆಲ್ಲ ಎರಡು ಮನೆ ಇಳಿಸಿಕೊಂಡು ಮತ್ತೆ ಕಲಿತರು, ಊರಿನ ಬೇರೆ ಕಡೆಗಳಿಂದಲೂ ಕರೆ ಬಂತು. ಒದ್ದೆ ಕೈಗವಸಿನವರು ಈ ವಯಸ್ಸಿನಲ್ಲಿ ಪಕ್ಕಾ ಆದರು ಎಂದು ಜನ ಹೇಳುತ್ತಿದ್ದರು, ಅದು ಸುಳ್ಳಲ್ಲ. ಪ್ರತಿ ವಾರ ಹಾಡಲು ನಿಲ್ಲುವಾಗ ಯೆರ್ಕರ್, "ಪೆರ್ನಿಲ್ಲಾ, ನನ್ನ ಮೈಕ್ ಇದೆ ತಾನೇ, ಇವತ್ತೂ ಕೊಲ್ಲಲ್ವಲ್ಲ?" ಎಂದು ತಮಾಷೆ ಮಾಡುತ್ತಿದ್ದ. ಅವಳು ಕೋಲಿನಿಂದ ತಟ್ಟೆಯನ್ನು ಒಮ್ಮೆ ಝಣ್ ಎನ್ನಿಸಿ, "ನೋಡೋಣ, ಹೇಗೆ ಹಾಡ್ತೀಯೋ ಅದರ ಮೇಲೆ" ಎನ್ನುತ್ತಿದ್ದಳು. ಮೂವರೂ ನಗುತ್ತಿದ್ದರು. ಮೈಕಿನ ಗುಂಡಿ ತಿರುಗಿಸಿದ್ದು ತಾನು ಎಂದು ಸ್ಟೆಲ್ಲನ್ ಎಂದೂ ಹೇಳಲಿಲ್ಲ.